ಮನೆಯ ಸ್ಕೂಟರಿಗೆ ಹದಿನೈದು ವರ್ಷ ತುಂಬಿದಾಗ

ನಮ್ಮ ಮನೆಯ ಸ್ಕೂಟರು ೨೦೦೯ನೆಯ ಇಸವಿಯಲ್ಲಿ ಕೊಂಡದ್ದು. ಅದು ಬಂದ ದಿನ ಚಕ್ರದ ಕೆಳಗೆ ನಿಂಬೆಯ ಹಣ್ಣನ್ನಿಟ್ಟು, ಮುಖಕ್ಕೆ ಅರಿಸಿನ ಕುಂಕುಮವನ್ನು ಹಚ್ಚಿ, ಬೀದಿಯ ಕೊನೆಯ ಗಣಪತಿಯ ಗುಡಿಯವರೆಗೆ ಓಡಿಸಿ ತಂದೆವು. ಅಂದಿನಿಂದ ಹದಿನೈದು ವರ್ಷ ಅದು ಮಾಡಿದ ಸೇವೆಯನ್ನು ಕೂಲಿಯ ಲೆಕ್ಕದಲ್ಲಿ ಹೇಳುವಂತಿಲ್ಲ. ಪಾಠಶಾಲೆಗೆ ಹೋಗುವುದು, ಸಂತೆಯಿಂದ ಅಕ್ಕಿಯ ಮೂಟೆಯನ್ನು ತರುವುದು, ಹೊತ್ತಲ್ಲದ ಹೊತ್ತಿನಲ್ಲಿ ವೈದ್ಯರ ಮನೆಗೆ ಓಡುವುದು, ಎಲ್ಲಕ್ಕೂ ಅದೇ. ಗುಂಡಿಯನ್ನೊತ್ತಿದರೆ ಹೊರಡುತ್ತಿತ್ತು, ನಿಲ್ಲಿಸಿದರೆ ನಿಲ್ಲುತ್ತಿತ್ತು, ಅಥವಾ ನಿಲ್ಲುತ್ತಿತ್ತೆಂದು ನಾವು ನಂಬಿದ್ದೆವು. ಕೆಲವು ವರ್ಷಗಳಿಂದ ನಮ್ಮ ಸೊಸೆ ಅದರ ಮೇಲೆಯೇ ಮೊಮ್ಮಗನನ್ನು ಕೂರಿಸಿಕೊಂಡು ಶಾಲೆಗೆ ಬಿಟ್ಟು ಬರುತ್ತಾಳೆ.

೨೦೨೪ರಲ್ಲಿ ವಿಮೆಯನ್ನು ಹೊಸದು ಮಾಡಿಸಲು ಹೋದಾಗ ಅಲ್ಲಿನ ಗುಮಾಸ್ತರು ನೋಂದಣಿಯ ಪತ್ರವನ್ನು ನೋಡಿ, “ಸ್ವಾಮಿ, ಇನ್ನು ಒಂದೂವರೆ ತಿಂಗಳಿಗೆ ಇದರ ಅವಧಿ ಮುಗಿಯುತ್ತದೆ, ಗಾಡಿಯನ್ನು ಪರೀಕ್ಷೆಗೆ ಒಯ್ಯಬೇಕು” ಎಂದರು. ಮೂವತ್ತೈದು ವರ್ಷ ಮಕ್ಕಳನ್ನು ಪರೀಕ್ಷೆಗೆ ಕೂರಿಸಿದ ನಮಗೆ ಸ್ಕೂಟರಿಗೂ ಪರೀಕ್ಷೆಯುಂಟೆಂಬುದು ಮರೆತೇ ಹೋಗಿತ್ತು.

ಸಂಗತಿ ಹೀಗಿದೆ. ೧೯೮೮ನೆಯ ಇಸವಿಯ ಮೋಟಾರು ವಾಹನಗಳ ಕಾಯಿದೆಯ ಪ್ರಕಾರ ಸ್ವಂತ ಉಪಯೋಗದ ವಾಹನದ ನೋಂದಣಿ ೧೫ ವರ್ಷ ನಡೆಯುತ್ತದೆ. ಆಮೇಲೆ ವಾಹನವನ್ನು ನಿರೀಕ್ಷಕರಿಗೆ ತೋರಿಸಬೇಕು. ಯೋಗ್ಯವೆನಿಸಿದರೆ ಮತ್ತೆ ೫ ವರ್ಷ. ಅವಧಿ ಮುಗಿಯುವ ಮೊದಲಿನ ೬೦ ದಿನಗಳೊಳಗೆ ೨೫ನೆಯ ನಮೂನೆಯಲ್ಲಿ ಅರ್ಜಿಯನ್ನು ಕೊಡತಕ್ಕದ್ದು. ದ್ವಿಚಕ್ರ ವಾಹನಕ್ಕೆ ೩೦೦ ರೂಪಾಯಿಯಿದ್ದ ಶುಲ್ಕವು ೨೦೨೨ನೆಯ ಏಪ್ರಿಲ್ ೧ರಿಂದ ೧,೦೦೦ ರೂಪಾಯಿಯಾಯಿತು. ನಾವು ತೆತ್ತದ್ದೂ ಅಷ್ಟೇ.

ಇಲ್ಲಿ ಗೃಹಸ್ಥರು ಗಮನಿಸಬೇಕಾದ ವಿಷಯವೊಂದುಂಟು. ಬಾಡಿಗೆಗೆ ಓಡುವ ವಾಹನಗಳನ್ನು ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆಯೂ, ಅನಂತರ ಪ್ರತಿವರ್ಷವೂ ಪರೀಕ್ಷಿಸುವ ಕಟ್ಟಳೆಯಿದೆ. ಇಂಗ್ಲೆಂಡಿನಲ್ಲಿ ೧೯೬೦ರಲ್ಲಿ ವಾಹನಪರೀಕ್ಷೆ ಮೊದಲಾದಾಗ ಹತ್ತು ವರ್ಷದ ಹಳೆಯ ವಾಹನಗಳಿಗೆ ಮಾತ್ರವಿದ್ದು, ಈಗ ಮೂರು ವರ್ಷ ತುಂಬಿದ ಮನೆಯ ಸ್ಕೂಟರೂ ವರ್ಷಕ್ಕೊಮ್ಮೆ ಅದಕ್ಕೆ ಒಳಪಡಬೇಕು. ನಮ್ಮಲ್ಲಿ ಮನೆಯ ಸ್ಕೂಟರಿಗೆ ಹದಿನೈದು ವರ್ಷ ಕೇಳುವವರಿಲ್ಲ. ಹೊಗೆಯ ಪರೀಕ್ಷೆಯೇನೋ ಉಂಟು. ಆದರೆ ಅಲ್ಲಿ ಕೊಳವೆಯನ್ನು ಸೈಲೆನ್ಸರಿನೊಳಕ್ಕೆ ತೂರಿಸಿ ಹೊಗೆಯನ್ನು ಅಳೆಯುವರೇ ಹೊರತು ಬ್ರೇಕನ್ನು ಯಾರೂ ಮುಟ್ಟುವುದಿಲ್ಲ. ಆ ಕಾಗದ ಕೈಗೆ ಬಂದೊಡನೆ ಗಾಡಿಯೆಲ್ಲ ನೆಟ್ಟಗಿದೆಯೆಂದು ತಿಳಿದುಕೊಳ್ಳುವವರೇ ಬಹಳ. ನಾವೂ ಹಾಗೆಯೇ ತಿಳಿದಿದ್ದೆವು.

ನಿಗದಿಯಾದ ದಿನ ಕಛೇರಿಯ ಬಾಗಿಲಿನಲ್ಲಿ ದಳ್ಳಾಳಿಯೊಬ್ಬನು ಎದುರಾಗಿ, ಗಾಡಿಯನ್ನು ಒಳಗೆ ತರುವ ತೊಂದರೆಯೇ ಬೇಡವೆಂದೂ, ತಾನು ಹೇಳಿದಷ್ಟು ಹಣವನ್ನು ಕೊಟ್ಟರೆ ಕಾಗದವು ಮನೆಗೇ ಬರುವುದೆಂದೂ ಹೇಳಿದನು. ಬಿಸಿಲು ಬಲವಾಗಿತ್ತು; ಸಾಲೂ ಉದ್ದವಾಗಿತ್ತು. ಒಪ್ಪಿಬಿಡೋಣವೆಂಬ ಆಲೋಚನೆ ನಮ್ಮ ಮನಸ್ಸಿಗೆ ಬಂದದ್ದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಗಾಡಿ ಚೆನ್ನಾಗಿಯೇ ಇದೆಯಲ್ಲ, ಪರೀಕ್ಷೆಯೆಂಬುದು ಬರಿಯ ಶಾಸ್ತ್ರವಲ್ಲವೆ ಎಂಬ ಭಾವನೆ. ಆದರೆ ಪರೀಕ್ಷೆಯಿಲ್ಲದೆ ತೇರ್ಗಡೆ ಮಾಡಿಸಿರೆಂದು ಬಂದ ತಂದೆಯರನ್ನು ಎಷ್ಟೋ ಸಲ ಬಾಗಿಲಿನಿಂದಲೇ ಕಳುಹಿಸಿದವರು ನಾವು. ನಾಚಿಕೆಯಾಗಿ ಸಾಲಿನಲ್ಲಿ ನಿಂತೆವು.

ನಿರೀಕ್ಷಕರು ತರುಣರು, ಮಿತಭಾಷಿಗಳು. ಮೊದಲು ಚಾಸಿಸ್ಸಿನ ಮೇಲೆ ಕೊರೆದ ಸಂಖ್ಯೆಯನ್ನು ಪತ್ರದೊಡನೆ ಹೋಲಿಸಿದರು. ಅನಂತರ ಹಿಂದೆ ಹೋಗಿ ನಿಂತು, “ಬಲಗೈಯ ಬ್ರೇಕನ್ನು ಹಿಡಿಯಿರಿ” ಎಂದರು; ಕೆಂಪು ದೀಪ ಹೊತ್ತಿತು. “ಎಡಗೈಯದನ್ನು ಹಿಡಿಯಿರಿ.” ಹಿಡಿದೆವು. “ಹಿಡಿಯಿರಿ” ಎಂದು ಮತ್ತೆ ಹೇಳಿದರು. ಹಿಡಿದೇ ಇದ್ದೇವೆಂದೆವು. ದೀಪವಿಲ್ಲ. ಹಿಡಿಯನ್ನು ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿದರು. ಮುಂದಿನ ಟೈರಿನ ಮೇಲೆ ಬೆರಳಾಡಿಸಿದರು. ಗಾಡಿಯನ್ನು ನೂಕಿ ಹಿಂದಿನ ಬ್ರೇಕನ್ನೊತ್ತಿ ಕಿವಿಗೊಟ್ಟರು. “ಇದನ್ನೆಲ್ಲ ಸರಿಮಾಡಿಸಿಕೊಂಡು ಬನ್ನಿ, ಸಾರ್” ಎಂದು ಹೇಳಿ ಮುಂದಿನ ಗಾಡಿಯ ಕಡೆಗೆ ತಿರುಗಿದರು. ನಮ್ಮ ಸ್ಕೂಟರು ನಪಾಸಾಯಿತು.

ಪೇಟೆಯಲ್ಲಿ ರಿಪೇರಿಯ ಅಂಗಡಿಯಿಟ್ಟಿರುವವನು ನಮ್ಮ ಹಳೆಯ ಶಿಷ್ಯ. ಸಂಸ್ಕೃತದಲ್ಲಿ ಶಬ್ದರೂಪಗಳನ್ನು ಎಂದೂ ಸರಿಯಾಗಿ ಒಪ್ಪಿಸಿದವನಲ್ಲ. ಯಂತ್ರದ ವಿಷಯದಲ್ಲಿ ಅವನು ನಮಗೆ ಗುರು. ಹಿಂದಿನ ಚಕ್ರವನ್ನು ಬಿಚ್ಚಿ, ಡ್ರಮ್ಮಿನೊಳಗಿನಿಂದ ಬ್ರೇಕಿನ ಶೂ ಎರಡನ್ನೂ ತೆಗೆದು ನಮ್ಮ ಅಂಗೈಯಲ್ಲಿಟ್ಟನು. ಒಂದರ ಮೇಲಿನ ಪಟ್ಟಿಯು ಪೂರಾ ಸವೆದು ಲೋಹವೇ ಡ್ರಮ್ಮಿಗೆ ಉಜ್ಜುತ್ತಿತ್ತು. “ಮೇಷ್ಟ್ರೇ, ಇಷ್ಟು ದಿನ ಈ ಗಾಡಿ ನಿಂತದ್ದು ಬ್ರೇಕಿನಿಂದಲ್ಲ, ತಮ್ಮ ಪುಣ್ಯದಿಂದ” ಎಂದನು. ನಮಗೆ ನಗು ಬರಲಿಲ್ಲ. ಅಂದು ಬೆಳಗ್ಗೆಯೂ ಮೊಮ್ಮಗನು ಅದೇ ಗಾಡಿಯ ಮುಂಭಾಗದಲ್ಲಿ ನಿಂತುಕೊಂಡು, ಕೈಬೀಸುತ್ತ ಶಾಲೆಗೆ ಹೋಗಿದ್ದನು. ದಾರಿಯಲ್ಲಿ ಇಳಿಜಾರೊಂದಿದೆ, ಅದರ ಬುಡದಲ್ಲಿ ಬಸ್ಸುಗಳು ತಿರುಗುತ್ತವೆ.

ಇಷ್ಟು ದಿನ ಇದು ತಿಳಿಯದೆ ಹೋದದ್ದು ಹೇಗೆಂದು ಕೇಳಿದೆವು. ಅವನು ಹಿಂದಿನ ಬ್ರೇಕಿನ ವೈರಿನ ತುದಿಯಲ್ಲಿರುವ ತಿರುಪನ್ನು ತೋರಿಸಿದನು. ಶೂ ಸವೆದಂತೆ ಹಿಡಿಯು ಸಡಿಲವಾಗುತ್ತದೆ. ಯಾರಾದರೂ ತಿರುಪನ್ನು ಎರಡು ಸುತ್ತು ಬಿಗಿ ಮಾಡುತ್ತಾರೆ. ಕೈಗೆ ಬ್ರೇಕು ಹೊಸದರಂತೆ ತೋರುತ್ತದೆ. ನಮ್ಮ ಗಾಡಿಯಲ್ಲಿ ಆ ತಿರುಪು ಇನ್ನು ಮುಂದೆ ಹೋಗಲು ಎಡೆಯಿಲ್ಲದಷ್ಟು ಬಿಗಿಯಾಗಿತ್ತು. ಅಲ್ಲಿಯೇ ಡ್ರಮ್ಮಿನ ಪಕ್ಕದಲ್ಲಿ ಸಣ್ಣದೊಂದು ಬಾಣದ ಗುರುತಿದೆ. ಬ್ರೇಕನ್ನು ಪೂರಾ ಹಿಡಿದಾಗ ಆ ಬಾಣವು ಎದುರಿನ ಗೆರೆಗೆ ಬಂದು ಸೇರಿದರೆ ಶೂಗಳ ಆಯುಸ್ಸು ತೀರಿತೆಂದು ಅರ್ಥ. ಹದಿನೈದು ವರ್ಷ ಆ ಗುರುತು ನಮ್ಮ ಕಾಲಬುಡದಲ್ಲಿಯೇ ಇದ್ದಿತು. ಮುಂದಿನ ಬ್ರೇಕಿನ ಕಥೆ ಬೇರೆ. ಮುಂದಿನದನ್ನು ಹಿಡಿದರೆ ಮಗುಚಿಬೀಳುತ್ತೇವೆಂಬ ಭಯದಿಂದ ನಮ್ಮಲ್ಲಿ ಅನೇಕರು ಅದನ್ನು ಮುಟ್ಟುವುದೇ ಇಲ್ಲ. ಮುಟ್ಟದೆ ಅದರ ವೈರು ಮಳೆಯ ನೀರಿಗೆ ತುಕ್ಕು ಹಿಡಿದು ಬಿಗಿದುಕೊಂಡಿತ್ತು. ನಿಜಕ್ಕೂ ಬ್ರೇಕು ಹಾಕಿದಾಗ ಭಾರವೆಲ್ಲ ಮುಂದಿನ ಚಕ್ರದ ಮೇಲೆ ಬೀಳುವುದರಿಂದ ಗಾಡಿಯನ್ನು ಹೆಚ್ಚಾಗಿ ನಿಲ್ಲಿಸುವುದು ಅದೇ. ೨೦೧೯ನೆಯ ಏಪ್ರಿಲ್‌ನಿಂದ ತಯಾರಾಗುವ ಸ್ಕೂಟರುಗಳಲ್ಲಿ ಒಂದು ಹಿಡಿಯನ್ನು ಹಿಡಿದರೆ ಎರಡು ಚಕ್ರಕ್ಕೂ ತಡೆ ಬೀಳುವ ಏರ್ಪಾಡಾದರೂ ಇರಬೇಕೆಂದು ಸರ್ಕಾರವು ವಿಧಿಸಿದ್ದು ಈ ಅಭ್ಯಾಸಕ್ಕೆ ಒಳ್ಳೆಯ ಮದ್ದು. ಅದಕ್ಕಿಂತ ಹಳೆಯವುಗಳಲ್ಲಿ ಬಹುಪಾಲಿಗೆ ಆ ಅನುಕೂಲವಿಲ್ಲ.

ಯಂತ್ರವೆಂಬ ಶಬ್ದವು ‘ಯಮ್’ ಎಂಬ ಧಾತುವಿನಿಂದ ಬಂದದ್ದು. ತಡೆ, ಹಿಡಿತ ಎಂದು ಅದರ ಅರ್ಥ. ಸಾರಥಿಗೂ ‘ಯಂತೃ’ ಎಂಬ ಹೆಸರುಂಟು. ಓಡಿಸುವವನಿಗೆ ತಡೆಯುವವನೆಂದು ಹೆಸರಿಟ್ಟ ಹಿರಿಯರು ಕುದುರೆಗಳ ಸ್ವಭಾವವನ್ನು ಬಲ್ಲವರಾಗಿದ್ದಿರಬೇಕು. ಇದನ್ನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇವೆಯೋ ಲೆಕ್ಕವಿಲ್ಲ. ಅಂಗಡಿಯ ಮೊಣಕಾಲೆತ್ತರದ ಮಣೆಯ ಮೇಲೆ ಕುಳಿತಿದ್ದಾಗ ಅರ್ಥವಾಯಿತು.

ಆ ಮಣೆಯ ಮೇಲೆ ಕುಳಿತು ಆಲೋಚಿಸಿದಾಗ ಹೊಳೆದದ್ದೇನೆಂದರೆ, ಈಗಿನ ಸ್ಕೂಟರು ಕೆಡದಿರುವುದೇ ನಮ್ಮ ಅಲಕ್ಷ್ಯಕ್ಕೆ ಕಾರಣ. ನಮ್ಮ ಮೊದಲನೆಯ ಸ್ಕೂಟರು ಗೇರಿನದು. ಪೆಟ್ರೋಲಿಗೆ ಎಣ್ಣೆಯನ್ನು ಬೆರೆಸಬೇಕಾಗಿತ್ತು; ಪ್ಲಗ್ಗಿಗೆ ಮಸಿ ಹಿಡಿಯುತ್ತಿತ್ತು; ಕೆಲವು ಮುಂಜಾನೆಗಳಲ್ಲಿ ಅದನ್ನು ಒಂದು ಪಕ್ಕಕ್ಕೆ ಬಾಗಿಸಿ ನಿಲ್ಲಿಸಿದ ಹೊರತು ಹೊರಡುತ್ತಿರಲಿಲ್ಲ. ತಿಂಗಳಿಗೊಮ್ಮೆಯಾದರೂ ಅದರ ಹೊಟ್ಟೆಯನ್ನು ನೋಡಿದ್ದರಿಂದ ಬ್ರೇಕಿನ, ದೀಪದ ಸ್ಥಿತಿಯೂ ತಿಳಿಯುತ್ತಿತ್ತು. ೧೯೮೪ರಲ್ಲಿ ಕೈನೆಟಿಕ್ ಹೋಂಡಾ ಕಂಪನಿಯೂ, ಈ ಶತಮಾನದ ಆದಿಯಲ್ಲಿ ಹೋಂಡಾ ಆಕ್ಟಿವಾ ಗಾಡಿಯೂ ಬಂದ ಮೇಲೆ ಗೇರಿಲ್ಲದ ಸ್ಕೂಟರು ಮನೆಮನೆಯ ವಸ್ತುವಾಯಿತು. ಸರಪಣಿಯಿಲ್ಲ; ಬೆಲ್ಟು ಮುಚ್ಚಿದ ಪೆಟ್ಟಿಗೆಯೊಳಗೆ ತಿರುಗುತ್ತದೆ. ಯಂತ್ರವನ್ನು ಮರೆಮಾಡುವುದು ಸ್ಕೂಟರಿನ ಜನ್ಮಗುಣವೆನ್ನಬಹುದು. ೧೯೪೬ರಲ್ಲಿ ಇಟಲಿಯಲ್ಲಿ ವೆಸ್ಪಾವನ್ನು ರೂಪಿಸಿದ ಕೊರ‍್ರಾದಿನೊ ದಾಸ್ಕಾನಿಯೊ ಎಂಬವರು ವಿಮಾನಗಳ ಇಂಜಿನಿಯರು. ಬಟ್ಟೆಗೆ ಎಣ್ಣೆಯ ಕಲೆ ತಗಲದಿರಲೆಂದು ಇಂಜಿನನ್ನು ತಗಡಿನ ಮರೆಗೆ ಹಾಕಿದರು. ಅದರಿಂದ ಸೀರೆಯುಟ್ಟವರಿಗೂ ಪಂಚೆಯುಟ್ಟವರಿಗೂ ಆದ ಉಪಕಾರ ಸಾಮಾನ್ಯವಲ್ಲ. ಆದರೆ ಕಣ್ಣಿಗೆ ಬೀಳದ್ದು ಮನಸ್ಸಿಗೂ ಬೀಳುವುದಿಲ್ಲ.

ಹೀಗೆ ಪರೀಕ್ಷೆಯಲ್ಲಿ ಸ್ಕೂಟರನ್ನು ಕೆಡಹುವುದು ಹೆಚ್ಚಾಗಿ ಇಂಜಿನಲ್ಲ, ಸಣ್ಣ ಸಾಮಾನುಗಳು. ಇಂಗ್ಲೆಂಡಿನ ವಾರ್ಷಿಕ ಪರೀಕ್ಷೆಯಲ್ಲಿಯೂ ದ್ವಿಚಕ್ರ ವಾಹನಗಳು ತಪ್ಪುವ ಕಾರಣಗಳಲ್ಲಿ ದೀಪಗಳದೇ ಮೊದಲ ಸ್ಥಾನ. ಬ್ರೇಕಿನ ಕೆಂಪು ದೀಪಕ್ಕೆ ಎರಡು ಹಿಡಿಗಳ ಬುಡದಲ್ಲಿಯೂ ಒಂದೊಂದು ಸ್ವಿಚ್ಚಿದೆ. ಒಂದು ಕೆಟ್ಟರೂ ಇನ್ನೊಂದರಿಂದ ದೀಪ ಹೊತ್ತುವುದರಿಂದ ದೋಷವು ಬೇಗ ತಿಳಿಯದು. ಅದೂ ಅಲ್ಲದೆ ಆ ದೀಪವನ್ನು ಸವಾರನು ಎಂದೂ ನೋಡಲಾರನು. ನಮ್ಮ ಸೊಸೆ ಬಳಸುತ್ತಿದ್ದುದು ಎಡಗೈಯ ಬ್ರೇಕು. ಸ್ವಿಚ್ಚು ಕೆಟ್ಟದ್ದೂ ಎಡಗಡೆಯದೇ. ಎಷ್ಟು ತಿಂಗಳಿಂದ ಅವಳ ಹಿಂದೆ ಬರುತ್ತಿದ್ದವರಿಗೆ ಅವಳು ನಿಲ್ಲುವಳೆಂಬ ಸೂಚನೆಯೇ ಇರಲಿಲ್ಲವೋ!

ಟೈರಿನ ವಿಷಯದಲ್ಲಿ ಮೇಷ್ಟರ ಲೆಕ್ಕವೊಂದನ್ನು ವಾಚಕರು ಸಹಿಸಬೇಕು. ಹತ್ತಂಗುಲದ ಚೌಕಟ್ಟಿನ ಸ್ಕೂಟರು ಚಕ್ರವು ಒಂದು ಕಿಲೋಮೀಟರು ಹೋಗಲು ಸುಮಾರು ೭೩೦ ಸುತ್ತು ತಿರುಗುತ್ತದೆ. ಹದಿನೆಂಟಂಗುಲದ ಮೋಟಾರು ಬೈಕಿನದು ಸುಮಾರು ೫೩೦. ದೊಡ್ಡ ಸೈಕಲ್ಲಿನದು ೪೫೦ರ ಆಸುಪಾಸು. ಆದಕಾರಣ ಅದೇ ದಾರಿಗೆ ಸ್ಕೂಟರಿನ ಟೈರು ಹೆಚ್ಚು ಸಲ ನೆಲವನ್ನು ಮುಟ್ಟಿ ಹೆಚ್ಚು ಬೇಗ ಸವೆಯುತ್ತದೆ. ದೊಡ್ಡ ಚಕ್ರವು ದಾಟಿಬಿಡುವ ಗುಂಡಿಯಲ್ಲಿ ಚಿಕ್ಕದು ಇಳಿದು ಬಡಿದುಕೊಳ್ಳುತ್ತದೆ. ಟೈರಿನ ಗೀರುಗಳು ದ್ವಿಚಕ್ರ ವಾಹನದಲ್ಲಿ ೦.೮ ಮಿಲಿಮೀಟರಿಗಿಂತ ಕಡಮೆ ಆಳವಾಗಿರಕೂಡದೆಂದು ನಿಯಮವಿದೆ. ನಮ್ಮ ಮುಂದಿನ ಟೈರಿನಲ್ಲಿ ಗೀರುಗಳೇನೋ ಇದ್ದುವು. ಆದರೆ ಶಿಷ್ಯನು ಅದರ ಪಕ್ಕದಲ್ಲಿ ಅಚ್ಚೊತ್ತಿದ ನಾಲ್ಕು ಅಂಕಗಳನ್ನು ಓದೆಂದನು: ೧೨೦೯. ಮೊದಲೆರಡು ವಾರ, ಕೊನೆಯೆರಡು ವರ್ಷ. ಎಂದರೆ ೨೦೦೯ನೆಯ ಇಸವಿಯ ಹನ್ನೆರಡನೆಯ ವಾರ. ಗಾಡಿಯೊಡನೆ ಬಂದ ಟೈರೇ ಇನ್ನೂ ಇತ್ತು! ರಬ್ಬರು ಒಣಗಿ, ಬೇಸಿಗೆಯ ಕೆರೆಯಂಗಳದಂತೆ ಬಿರಿದಿತ್ತು.

ಗುಂಡಿಗಳ ಪೆಟ್ಟು ಕೊನೆಗೆ ತಗಲುವುದು ಹಿಡಿಯ ಬುಡದಲ್ಲಿರುವ ಗುಂಡುಗಳಿಗೆ. ಅಂಗಡಿಯವರು ಅದನ್ನು ಕೋನ್‌ಸೆಟ್ಟು ಎನ್ನುತ್ತಾರೆ. ಗಾಡಿಯನ್ನು ಡಬಲ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಹಿಂಭಾಗವನ್ನು ಒಬ್ಬರು ಒತ್ತಿ ಮುಂದಿನ ಚಕ್ರವನ್ನು ಎತ್ತಿದಾಗ ಹಿಡಿಯು ನಯವಾಗಿ ತಿರುಗಬೇಕು. ನೇರಕ್ಕೆ ಬಂದಾಗ ಹಳ್ಳಕ್ಕೆ ಬಿದ್ದಂತೆ ಸಿಕ್ಕಿಕೊಂಡರೆ ಅದನ್ನು ಬದಲಾಯಿಸಬೇಕು. ಉಳಿದವು ಸಣ್ಣವು: ಹಾರನ್ನು, ಕನ್ನಡಿ, ತಿರುವಿನ ದೀಪ, ತೂತುಬಿದ್ದ ಸೈಲೆನ್ಸರು. ೨೦೧೯ನೆಯ ಏಪ್ರಿಲಿಗೆ ಹಿಂದಿನ ವಾಹನಗಳಿಗೂ ಹೊಸ ಬಗೆಯ ಸುರಕ್ಷಿತ ಸಂಖ್ಯಾಫಲಕವಿರಬೇಕೆಂದು ಕರ್ನಾಟಕದಲ್ಲಿ ೨೦೨೩ರಲ್ಲಿ ಆಜ್ಞೆಯಾದುದರಿಂದ ಅದನ್ನೂ ಹಾಕಿಸಿಕೊಂಡೆವು.

ಶೂ, ವೈರು, ಸ್ವಿಚ್ಚು, ಕೂಲಿ ಎಲ್ಲ ಸೇರಿ ಸಾವಿರದ ಐದುನೂರು ರೂಪಾಯಿ ಮುಟ್ಟಲಿಲ್ಲ. ಟೈರಿನ ಬೆಲೆ ಬೇರೆ. ದಳ್ಳಾಳಿಯು ಕೇಳಿದ್ದು ಇದಕ್ಕಿಂತ ಹೆಚ್ಚು. ಮರುವಾರ ಗಾಡಿ ತೇರ್ಗಡೆಯಾಯಿತು. ೨೦೨೨ನೆಯ ಇಸವಿಯಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಮಡಿದವರು ೧,೬೮,೪೯೧ ಜನ. ಅವರಲ್ಲಿ ನೂರಕ್ಕೆ ೪೪ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನಗಳ ಮೇಲಿದ್ದವರು. ಇವರಲ್ಲಿ ಎಷ್ಟು ಮನೆಗಳಲ್ಲಿ ಸವೆದ ಶೂ ಒಂದು ಕಾರಣವಾಗಿತ್ತೆಂದು ಯಾವ ಪಟ್ಟಿಯೂ ಹೇಳಲಾರದು.

ಸರ್ಕಾರವು ಇನ್ನು ಐದು ವರ್ಷ ನಮ್ಮ ಗಾಡಿಯನ್ನು ಕೇಳುವುದಿಲ್ಲ. ಆದಕಾರಣ ವರ್ಷಕ್ಕೊಮ್ಮೆ ನಾವೇ ಕೇಳುವುದೆಂದು ಮನೆಯಲ್ಲಿ ಗೊತ್ತುಮಾಡಿ, ಅದಕ್ಕೆ ಆಯುಧಪೂಜೆಯ ಹಿಂದಿನ ದಿನವನ್ನು ಆರಿಸಿದೆವು. ಅಂದು ಹೇಗೂ ಗಾಡಿಯನ್ನು ತೊಳೆಯುತ್ತೇವೆ. ನಿಂಬೆಯ ಹಣ್ಣಿಡಲು ಚಕ್ರದ ಬಳಿ ಬಾಗುತ್ತೇವೆ. ಬಾಗಿದಾಗ ಟೈರನ್ನೂ ಬಾಣದ ಗುರುತನ್ನೂ ನೋಡುವುದು ಕಷ್ಟವೇನಲ್ಲ. (ಸೇವಂತಿಗೆಯ ಹಾರವನ್ನು ದೀಪಗಳಿಗೆ ಮರೆಯಾಗುವಂತೆ ಕಟ್ಟಿಕೊಂಡು ಊರೆಲ್ಲ ಸುತ್ತುವವರನ್ನು ಕಂಡರೆ ನಮಗೆ ಈಗ ಸುಮ್ಮನಿರಲಾಗುವುದಿಲ್ಲ.) ಕಳೆದ ಸಲ ಸೊಸೆ ಗಾಡಿಯ ಮೇಲೆ ಕುಳಿತಳು, ಮೊಮ್ಮಗನು ಹಿಂದೆ ನಿಂತನು. ಅವಳು ಎಡಗೈಯ ಬ್ರೇಕನ್ನು ಹಿಡಿದಾಗ ಅವನು ಬಾಗಿ ನೋಡಿ, “ಬಂತು ತಾತಾ, ಕೆಂಪಗೆ ಬಂತು!” ಎಂದು ಕೂಗಿದನು. ಇನ್ನೊಂದು ಸಲ ಹಿಡಿಯಲು ಹೇಳೆಂದೆವು.