ಅಮ್ಮನ ಹಗ್ಗಕ್ಕೊಂದು ಕೊಕ್ಕೆ

ಕೆಮ್ಮಣ್ಣಿನ ತೂಗುಸೇತುವೆಯ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳದವರು ಉಡುಪಿ ಕಡೆ ಕಡಿಮೆ. ಫೋಟೊ ಆದ ಮೇಲೆ ಎಲ್ಲರೂ ಕೋಡಿಬೆಂಗ್ರೆಯ ಸಮುದ್ರದತ್ತ ಹೊರಡುತ್ತಾರೆ. ಸೇತುವೆಯಾಚೆಯ ಕುದ್ರುವಿನಲ್ಲಿ, ಅಂದರೆ ನದಿಯ ನಡುಗಡ್ಡೆಯಲ್ಲಿ, ವರ್ಷವಿಡೀ ವಾಸಿಸುವವರಿಗೆ ಅದು ಅಕ್ಕಿ, ಗ್ಯಾಸ್ ಸಿಲಿಂಡರ್, ಕೊನೆಗೆ ಕಾಯಿಲೆಯವರನ್ನೂ ದಾಟಿಸಬೇಕಾದ ದಾರಿ. ಕಾರು, ಆಂಬ್ಯುಲೆನ್ಸ್ ಸ್ವರ್ಣಾ ನದಿಯ ಈಚೆಯೇ ನಿಲ್ಲುತ್ತವೆ. ಎಂಬತ್ತು ದಾಟಿದ ತಾಯಿಯೊಬ್ಬರು ಆ ಕುದ್ರುವಿನ ಹಂಚಿನ ಮನೆ ಬಿಟ್ಟು ಈಚೆ ದಡದ ಮಗಳ ಮನೆಗೆ ಬರಲು ಒಪ್ಪಿದ್ದಕ್ಕೆ ಇದೇ ಕಾರಣ. ಮಳೆಗಾಲದ ರಾತ್ರಿ ಎದೆನೋವು ಬಂದರೆ ಹೊತ್ತು ದಾಟಿಸುವ ಗಂಡಾಳುಗಳು ಈಗ ಅಲ್ಲಿ ಎಷ್ಟಿದ್ದಾರೆ? ಇದ್ದವರು ಬೊಂಬಾಯಿಯಲ್ಲೋ ದುಬೈಯಲ್ಲೋ ಇದ್ದಾರೆ. 2011ರ ಜನಗಣತಿಯಲ್ಲಿ ಉಡುಪಿ ಜಿಲ್ಲೆಯಲ್ಲಿ ಸಾವಿರ ಗಂಡಸರಿಗೆ 1094 ಹೆಂಗಸರು. ಊರು ಬಿಟ್ಟು ಹೋದ ಗಂಡುಮಕ್ಕಳ ಲೆಕ್ಕ ಆ ಅಂಕಿಯೊಳಗೇ ಇದೆ.

ಮಗಳು ನಡೆಸಿರುವ ತಯಾರಿ ನೋಡಲು ಹೋಗಿದ್ದೆ. ಹೋಗುವಾಗ ನನ್ನ ತಲೆಯಲ್ಲಿದ್ದದ್ದು ಕಮೋಡು, ಹಿಡಿಕಂಬಿಗಳ ವಿಚಾರ. ಅವೂ ಇದ್ದವು. ಬಚ್ಚಲಿನ ನುಣುಪು ಟೈಲ್ಸ್ ಕಿತ್ತು ಒರಟಾದದ್ದನ್ನು ಹಾಕಿಸಿದ್ದರು. ಮಳೆ ಹಿಡಿಯುವ ಮುಂಚಿನ ದಿನಗಳಲ್ಲಿ ನಮ್ಮ ಕರಾವಳಿಯ ನೆಲ ಹೇಗೆ ಬೆವರುತ್ತದೆಂದು ಗೊತ್ತಿದ್ದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅರವತ್ತೈದು ದಾಟಿದವರಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರು ವರ್ಷಕ್ಕೊಮ್ಮೆಯಾದರೂ ಬೀಳುತ್ತಾರೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕಂಬಿ ಕೂರಿಸುವಾಗ ಮಾತ್ರ ಮೇಸ್ತ್ರಿಗೆ ತಲೆನೋವಾಯಿತಂತೆ. ಗೋಡೆ ಮುರಕಲ್ಲಿನದು. ಸ್ಕ್ರೂ ತಿರುಗಿಸಿದರೆ ಪುಡಿಯಾಗಿ ಉದುರುತ್ತದೆ, ಮೈಭಾರ ಬಿದ್ದರೆ ಕಂಬಿಯೇ ಕೈಗೆ ಬರುತ್ತದೆ. ಕೊನೆಗೆ ಕಲ್ಲು ಕೆತ್ತಿ, ಗುಳಿಗೆ ಕಾಂಕ್ರೀಟ್ ತುಂಬಿ, ಅದರಲ್ಲಿ ಕಂಬಿ ಹೂತರು. ಅಂಗಡಿಯವರು ಮಾರುವ ಹೊಳೆಯುವ ಸ್ಟೀಲ್ ಕಂಬಿಯ ಬಗ್ಗೆ ನನಗೆ ಈಗಲೂ ಪೂರ್ತಿ ನಂಬಿಕೆಯಿಲ್ಲ. ಸೋಪಿನ ಕೈಗೆ ಅದು ಜಾರುತ್ತದೆ. ಮೇಲ್ಮೈ ತುಸು ತರಿಯಾಗಿರುವುದು ಸಿಗುತ್ತದೆ, ಕೇಳಿ ತರಬೇಕು.

ಆದರೆ ಅಲ್ಲಿಂದ ಬಂದಾಗಿನಿಂದ ನನ್ನ ತಲೆ ತುಂಬಾ ಇರುವುದು ಹಗ್ಗ.

ಹಳೆಯ ಮನೆಗಳಲ್ಲಿ ಉಪ್ಪರಿಗೆಗೆ ಹತ್ತುವ ಮರದ ಮೆಟ್ಟಿಲು ಎಷ್ಟು ಕಡಿದು ಎಂಬುದನ್ನು ನೋಡಿದವರಿಗೆ ಅದರ ಪಕ್ಕದಲ್ಲಿ ತೊಲೆಯಿಂದ ಇಳಿಬಿಟ್ಟ ಹುರಿಹಗ್ಗವೂ ನೆನಪಿರುತ್ತದೆ. ಹತ್ತುವವರು ಹಿಡಿದು ಹಿಡಿದು ಅದಕ್ಕೆ ಕಪ್ಪು ಮೆರುಗು ಬಂದಿರುತ್ತದೆ. ಕುದ್ರುವಿನ ಮನೆಯಲ್ಲಿ ಅಂಥದೇ ಹಗ್ಗ ಈ ತಾಯಿಯ ಮಂಚದ ಮೇಲೂ ಇದೆ. ನಡುನಡುವೆ ಗಂಟು, ತುದಿಯಲ್ಲಿ ಹಳೆ ಸೀರೆಯ ಸುತ್ತು. ಬೆಳಗ್ಗೆ ಅದನ್ನು ಹಿಡಿದೇ ಎದ್ದು ಕೂರುತ್ತಾರೆ. ಮಗಳ ಮನೆಗೆ ಏನೇನು ತರಬೇಕು ಎಂದು ಕೇಳಿದಾಗ ಅವರು ಮೊದಲು ಹೇಳಿದ್ದು ಇಷ್ಟೇ: "ಎಂಕ್ ಎನ್ನ ಬಲ್ಲ್ ಬೋಡು." ನನಗೆ ನನ್ನ ಹಗ್ಗ ಬೇಕು.

ಮಗಳ ಮನೆ ಆರ್‌ಸಿಸಿ. ತೊಲೆಯಿಲ್ಲ, ಪಕ್ಕಾಸಿಲ್ಲ. ಮೇಲೆ ನೋಡಿದರೆ ಬರೀ ಬಿಳಿ ಸ್ಲ್ಯಾಬು. ಅಳಿಯ ಮೋಟರಿನಿಂದ ಏರಿಳಿಯುವ ಆಸ್ಪತ್ರೆ ಮಂಚ ತರಿಸೋಣ ಎಂದರು. ಅದೂ ಒಳ್ಳೆಯ ಯೋಚನೆಯೇ. ಆದರೆ ಕರೆಂಟು ಹೋಗುವ ಮಳೆಗಾಲದಲ್ಲಿ ಅದು ನಿಂತಲ್ಲೇ ನಿಲ್ಲುತ್ತದೆ. ಆಕ್ಯುಪೇಶನಲ್ ಥೆರಪಿ ಕಲಿತ ಪರಿಚಯದ ಹುಡುಗಿಯೊಬ್ಬಳನ್ನು ಮಗಳು ಮನೆಗೆ ಕರೆಸಿದರು. ಮಣಿಪಾಲದಲ್ಲಿ ಈ ವಿದ್ಯೆಗೇ ಪದವಿ ಇದೆ, ಮನೆಯನ್ನು ಮನುಷ್ಯನ ಮೈಗೆ ಹೊಂದಿಸುವುದೂ ಅದರಲ್ಲಿ ಒಂದು ಪಾಠ. ನಮ್ಮವರು ಪಾರ್ಶ್ವವಾಯು ಬಡಿದ ಮೇಲಷ್ಟೇ ಇವರನ್ನು ಹುಡುಕುತ್ತಾರೆ ಎಂಬುದು ನನ್ನ ಕೊರಗು. ಆ ಹುಡುಗಿ ಕುದ್ರುವಿಗೆ ಹೋಗಿ ಅಜ್ಜಿ ಏಳುವ ರೀತಿ ನೋಡಿದಳು. ಮಲಗಿದಲ್ಲಿಂದ ಎದ್ದು ಕೂರುವುದಕ್ಕೆ ಹಗ್ಗ ಸರಿಯಾಗಿದೆ, ತೋಳಿಗೂ ವ್ಯಾಯಾಮ. ಕೂತಲ್ಲಿಂದ ನಿಲ್ಲುವುದಕ್ಕೆ ಬೇಡ, ತೂಗಾಡುವ ವಸ್ತು ಮೈಯನ್ನು ಪಕ್ಕಕ್ಕೆ ಎಳೆಯುತ್ತದೆ. ಅದಕ್ಕೆ ಮಂಚದ ಬದಿಯಲ್ಲಿ ಅಲುಗಾಡದ ಹಿಡಿ ಇರಲಿ ಎಂದಳು. ಮಂಚದ ಕಾಲೂ ಸ್ವಲ್ಪ ಕೊಯ್ಯಬೇಕಾಯಿತು: ಕೂತಾಗ ಪಾದ ಪೂರ್ತಿ ನೆಲಕ್ಕೆ ಊರಬೇಕು. ಫ್ಯಾನಿಗೆಂದು ಸ್ಲ್ಯಾಬಿನ ಕಬ್ಬಿಣಕ್ಕೇ ಸೇರಿಸಿ ಬಿಟ್ಟಿದ್ದ ಕೊಕ್ಕೆಯಲ್ಲಿ ಈಗ ಹಗ್ಗ ತೂಗುತ್ತಿದೆ, ಫ್ಯಾನು ಗೋಡೆಗೆ ಸರಿದಿದೆ. ಮುಟ್ಟಿ ನೋಡಿದೆ. ಹಗ್ಗ ಹೊಸದು, ತುದಿಗೆ ಸುತ್ತಿದ ಸೀರೆ ಮಾತ್ರ ಹಳೆಯದೇ.

ನನಗೆ ಇದು ದೊಡ್ಡ ವಿಷಯವಾಗಿ ಕಂಡದ್ದಕ್ಕೆ ಕಾರಣವಿದೆ. ತಾಯಿ ಮಕ್ಕಳ ಮನೆಗೆ "ಬಂದು ಇರುವುದು" ತುಳುನಾಡಿನ ಬಹಳಷ್ಟು ಕುಟುಂಬಗಳಿಗೆ ಹೊಸದು. ಬಂಟ, ಬಿಲ್ಲವ, ಮೊಗವೀರ ಮನೆತನಗಳ ಅಳಿಯಸಂತಾನದಲ್ಲಿ ಆಸ್ತಿ ಇಳಿಯುತ್ತಿದ್ದದ್ದು ಹೆಣ್ಣಿನ ಕವರಿನಲ್ಲಿ, ಅಂದರೆ ತಾಯಿಯ ಕವಲಿನಲ್ಲಿ. ಮುದುಕಿಯಾದ ತಾಯಿ ಎಲ್ಲಿಗೂ ಹೋಗಬೇಕಿರಲಿಲ್ಲ, ಮನೆಯೇ ಅವಳ ಕಡೆಯದು. ಆ ಮನೆಗಳಲ್ಲಿ ಜಗಳ, ಯಜಮಾನರ ದರ್ಬಾರು ಇರಲಿಲ್ಲವೆಂದಲ್ಲ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆಯಿಂದ ಪಾಲು ಕೇಳುವ ದಾರಿ ತೆರೆಯಿತು, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಉಳಿದದ್ದನ್ನು ಬದಲಿಸಿತು, ಗುತ್ತು ಎನ್ನುವ ಹಳೆಯ ದೊಡ್ಡ ಮನೆಗಳು ಹೋಳಾದವು. ಅಂಥ ಮನೆಯಲ್ಲಿ ಯಜಮಾನ್ತಿಯಾಗಿದ್ದವಳ ಮಗಳಿಗೋ ಮೊಮ್ಮಗಳಿಗೋ ಈಗ ಬೇರೆಯವರ ಹೆಸರಿನ ಮನೆಯಲ್ಲಿ ಒಂದು ಕೋಣೆ. ಕೋಣೆಯಲ್ಲಿ ಏನಿರಬೇಕೆಂದು ಹೇಳುವ ಹಕ್ಕೂ ಇಲ್ಲದಿದ್ದರೆ ಅವರು ಅತಿಥಿಯಾಗಿಯೇ ಉಳಿಯುತ್ತಾರೆ. ಅಡುಗೆಮನೆಯಲ್ಲಿ ಅವರದೇ ಮೆಟ್ಟುಕತ್ತಿಗೆ ಜಾಗ ಮಾಡಿದ್ದೀರಾ ಎಂದು ಮಗಳನ್ನು ಕೇಳಿದೆ. ಕೂತು ತೆಂಗಿನಕಾಯಿ ಹೆರೆಯಲು ಎತ್ತರದ ಮಣೆ ಮಾಡಿಸುತ್ತಿದ್ದಾರೆ.

ಬೊಂಬಾಯಿಯ ಮಗ ಹೇಳಿ ಕಳುಹಿಸಿದ್ದು ಬೇರೆ: ಮೂರು ತಿಂಗಳು ಅಲ್ಲಿ, ಮೂರು ತಿಂಗಳು ಇಲ್ಲಿ. ಪ್ರೀತಿಯಿಂದಲೇ ಹೇಳಿದ್ದಾರೆ. ಆದರೆ ರಾತ್ರಿ ಎದ್ದಾಗ ಬಚ್ಚಲು ಎಡಕ್ಕೋ ಬಲಕ್ಕೋ ಎಂದು ಕತ್ತಲಲ್ಲಿ ಯೋಚಿಸಬೇಕಾದ ವಯಸ್ಸಲ್ಲ ಅದು. ಪಾಳಿಯ ಮೇಲೆ ತಂದೆ-ತಾಯಿಯನ್ನು ಸಾಗಿಸುವ ಪದ್ಧತಿಗೆ ನಾನು ಪೂರ್ತಿ ವಿರೋಧಿ. ಮಗ ಬಂದು ಇದ್ದು ಹೋಗಲಿ.

ಕುದ್ರುವಿನ ಮನೆ, ತೆಂಗಿನ ತೋಟ ಯಾರ ಹೆಸರಿಗೆ ಎಂಬ ಮಾತೂ ಬಂತು. ಈಗಲೇ ದಾನಪತ್ರ ಮಾಡಿಬಿಡುವ ಅವಸರ ಬೇಡ. ಮಾಡುವುದೇ ಆದರೆ, ಕೊನೆಯವರೆಗೂ ನೋಡಿಕೊಳ್ಳಬೇಕೆಂಬ ಷರತ್ತನ್ನು ಪತ್ರದಲ್ಲೇ ಬರೆಸಬೇಕು. ಹಿರಿಯ ನಾಗರಿಕರ 2007ರ ಕಾಯ್ದೆಯ 23ನೇ ಕಲಮಿನಂತೆ, ಷರತ್ತು ಮುರಿದರೆ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಹೋಗಿ ಆ ಪತ್ರವನ್ನು ರದ್ದು ಮಾಡಿಸಬಹುದು. ಈ ಕಲಮನ್ನು ಹಿರಿಯರ ಪರವಾಗಿ ಉದಾರವಾಗಿ ಅರ್ಥೈಸಬೇಕೆಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಮಗಳು ಇದನ್ನು ಅಮ್ಮನ ಎದುರೇ ಓದಿ ಹೇಳಿದರಂತೆ. ಅದು ನನಗೆ ಬಹಳ ಹಿಡಿಸಿತು.

ಕೆಲಸ ಇನ್ನೂ ಬಾಕಿಯಿದೆ. ಜಗಲಿಗೆ ಮೂರು ಮೆಟ್ಟಿಲು, ಒಟ್ಟು ಹದಿನೆಂಟು ಇಂಚು. ಒಂದು ಇಂಚು ಏರಲು ಒಂದು ಅಡಿ ಉದ್ದ ಬೇಕೆಂಬ ಲೆಕ್ಕದಲ್ಲಿ ಇಳಿಜಾರು ಹದಿನೆಂಟು ಅಡಿಯಾಗುತ್ತದೆ. ಅಂಗಳದಲ್ಲಿ ತುಳಸಿಕಟ್ಟೆ ತಪ್ಪಿಸಿ ತಿರುಗಿಸಿದರೆ ಜಾಗ ಸಾಕು. ಬಚ್ಚಲಿನ ಬಾಗಿಲು ಈಗ ಒಳಕ್ಕೆ ತೆರೆಯುತ್ತದೆ. ಒಳಗೆ ಬಿದ್ದವರ ಮೈಯೇ ಬಾಗಿಲಿಗೆ ಅಡ್ಡವಾದರೆ ಹೊರಗಿನವರು ಏನೂ ಮಾಡುವಂತಿಲ್ಲ. ಅದನ್ನು ಹೊರಕ್ಕೆ ತೆರೆಯುವಂತೆ ಮಾಡಲು ಬಡಗಿ ಸೋಮವಾರ ಬರುತ್ತಾನೆ. ಎಲ್ಲವೂ ಮಳೆಗೆ ಮೊದಲು ಮುಗಿಯಬೇಕು, ಹಸಿ ಸಿಮೆಂಟಿನ ಮೇಲೆ ಮಳೆ ಬೀಳಬಾರದೆಂದು ಮೇಸ್ತ್ರಿ ಅವಸರ ಮಾಡುತ್ತಿದ್ದಾನೆ.