ಹಳೆ ಲಾರಿ ಒಂದು ಕಡೆ ವಾಲಿದೆಯೇ?

ದಾವಣಗೆರೆಯಲ್ಲಿ ಮೆಕ್ಕೆಜೋಳ ತುಂಬಿಕೊಂಡು, ಹರಿಹರದ ಮಗ್ಗುಲಿನ ಹೆದ್ದಾರಿ 48ರಲ್ಲಿ ಹುಬ್ಬಳ್ಳಿ ಕಡೆ ಹೊರಟ ಹಳೆ ಲಾರಿಯನ್ನು ಹಿಂದಿನಿಂದ ಗಮನಿಸಿ. ಬಾಡಿ ಎಡಕ್ಕೆ ವಾಲಿರುತ್ತದೆ.

ಕಾರಣ ಹಿಡಿಯಲು ಒಂದು ಟೇಪು ಸಾಕು. ಲೋಡ್ ಇಳಿಸಿ, ಸಮನೆಲದಲ್ಲಿ ನಿಲ್ಲಿಸಿ, ಎರಡೂ ಬದಿಯ ಟೈರ್ ಗಾಳಿ ಸಮ ಮಾಡಬೇಕು. ಆಮೇಲೆ ಹಬ್ಬಿನ ನಡುಮಧ್ಯದಿಂದ ನೇರ ಮೇಲೆ ಚಾಸಿಯವರೆಗೆ ಅಳತೆ. ಎಡಬಲ ತಾಳೆಯಾಗದಿದ್ದರೆ, ತಗ್ಗಿದ ಬದಿಯ ಕಮಾನು (ಲೀಫ್ ಸ್ಪ್ರಿಂಗ್) ಸೋತಿರಬಹುದು, ಇಲ್ಲವೇ ಅದರ ಪ್ಲೇಟ್ ಮುರಿದಿರಬಹುದು. ಟಾರ್ಚ್ ಬಿಟ್ಟು ನೋಡಿದರೆ ಸೆಂಟರ್ ಬೋಲ್ಟ್ ಹತ್ತಿರ ಕೂದಲೆಳೆಯಂಥ ಬಿರುಕು, ಅದರ ಗುಂಟ ತುಕ್ಕಿನ ಗೆರೆ ಕಾಣುವುದುಂಟು.

ಎತ್ತರಕ್ಕೆಂದು ಹೆಚ್ಚುವರಿ ಪ್ಲೇಟ್ ಸೇರಿಸುವುದು ತಪ್ಪು ದಾರಿ. ಕಮಾನು ಗಡುಸಾಗುತ್ತದೆ, ಖಾಲಿ ಲಾರಿ ಹಂಪ್ ಹಾರಿದಾಗಲೆಲ್ಲ ಡ್ರೈವರ್‌ನ ಸೊಂಟಕ್ಕೇ ಪೆಟ್ಟು.

1986ರಲ್ಲಿ ರಸ್ತೆಗಿಳಿದ ಟಾಟಾ 407ರಂಥ ಗಾಡಿಗಳಲ್ಲಿ ಕುಲುಕಾಟ ತಗ್ಗಿಸಲು ಸವೆದ ಬುಶ್ ಬದಲಿಸಬೇಕು, ಶ್ಯಾಕಲ್ ಪಿನ್ನಿಗೆ ಗ್ರೀಸ್ ತುಂಬಬೇಕು. ಎಣ್ಣೆ ಸೋರುವ ಶಾಕ್ ಅಬ್ಸಾರ್ಬರ್ ಎರಡೂ ಬದಿ ಒಟ್ಟಿಗೇ ಹೊಸದಾಗಲಿ. ಅದು ಎತ್ತರ ಕೊಡುವುದಿಲ್ಲ, ಪುಟಿತ ನಿಲ್ಲಿಸುತ್ತದೆ.

ಕಮಾನು ಕೆಲಸ ಮುಗಿದು ಗಾಡಿ ಲೋಡಿನಲ್ಲಿ ಓಡಿದ ಮೇಲೆ ಯು-ಬೋಲ್ಟ್ ಮತ್ತೊಮ್ಮೆ ಬಿಗಿಸಿಕೊಳ್ಳುವುದನ್ನು ಮರೆಯಬೇಡಿ.