ನಳಿಗೆ ಬದಲಾಯಿಸಿದ ಬಂದೂಕು



ಧಾರವಾಡ ಜಿಲ್ಲೆಯ ಕಲಘಟಗಿ ತಾಲ್ಲೂಕಿಗೆ ಸೇರಿದ ಮಿಶ್ರಿಕೋಟಿ, ಹುಬ್ಬಳ್ಳಿಗೆ ಸಮೀಪದ ಊರು. ಅದರ ಮೂಡಲಿಗೆ ಬಯಲುಸೀಮೆಯ ಎರೆನೆಲ ಹಬ್ಬಿದೆ. ಪಡುವಲಿಗೆ ಹೋದಂತೆಲ್ಲ ಕಾಡು ಮೊದಲಾಗಿ ಯಲ್ಲಾಪುರದ ಮಲೆನಾಡನ್ನು ಕೂಡಿಕೊಳ್ಳುತ್ತದೆ. ಇಂತಹ ಅಂಚಿನ ಸೀಮೆಯಲ್ಲಿ ಗೋವಿನಜೋಳವೂ ಕಬ್ಬೂ ಬೆಳೆದು ನಿಂತಾಗ, ಕಾಡುಹಂದಿಯ ಹಿಂಡು ಇರುಳಿನಲ್ಲಿ ಹೊಲಕ್ಕೆ ಇಳಿದು ಒಕ್ಕಲಿಗನ ಆರು ತಿಂಗಳ ದುಡಿಮೆಯನ್ನು ಒಂದೇ ರಾತ್ರಿಯಲ್ಲಿ ಹಾಳುಗೆಡಹಬಲ್ಲುದು. ಆದುದರಿಂದ ಅಲ್ಲಿ ಬಂದೂಕಿನ ಮಾತು ಕೇವಲ ವಿನೋದದ ಮಾತಲ್ಲ. ಹಿರಿಯರಿಂದ ಬಂದ ರೈಫಲ್ಲೊಂದು ಮನೆಯಲ್ಲಿರುತ್ತದೆ. ಅದಕ್ಕೆ ತಕ್ಕ ತೋಟಾ ದೊರೆಯುವುದಿಲ್ಲ. ನಳಿಗೆಯೊಂದನ್ನು ಬದಲಾಯಿಸಿ, ದೊರೆಯುವ ತೋಟಾಕ್ಕೆ ಅದನ್ನು ಹೊಂದಿಸಬಾರದೇಕೆ ಎಂಬ ಪ್ರಶ್ನೆ ಯಾರಿಗಾದರೂ ಹುಟ್ಟುವುದು ಸಹಜ. ಪಟ್ಟಣದಲ್ಲಿರುವ ನಮ್ಮಲ್ಲಿಯೂ ಇಂತಹ ಆಯುಧಕ್ಕೆ ಹಕ್ಕುದಾರರಾದವರು ಕೆಲವರು ಇರಬಹುದು. ಈ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಬಂದೂಕಿನ ಚರಿತ್ರೆ, ಅದರ ಯಂತ್ರ, ಅದನ್ನು ಆಳುವ ಕಾಯಿದೆ, ಈ ಮೂರನ್ನೂ ನೋಡಬೇಕಾಗುತ್ತದೆ.

ಚರಿತ್ರೆಯನ್ನು ಮೊದಲು ನೋಡೋಣ. ನಮ್ಮ ದೇಶದಲ್ಲಿ ಬೇಟೆಯ ತೋಟಾಗಳು ಬದಲಾದುದಕ್ಕೆ ಮೃಗಗಳಿಗಿಂತಲೂ ಸರ್ಕಾರದ ಅಂಜಿಕೆಯೇ ಹೆಚ್ಚಿನ ಕಾರಣ. ೧೮೫೭ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಆಜ್ಞೆಯನ್ನು ಮುಧೋಳ ಸೀಮೆಯ ಹಲಗಲಿಯ ಬೇಡರು ಧಿಕ್ಕರಿಸಿ ನಿಂತುದನ್ನು ನಮ್ಮ ಲಾವಣಿಗಳು ಹಾಡಿವೆ. ೧೮೭೮ರ ಆಯುಧ ಕಾಯಿದೆ ಆ ಅಂಜಿಕೆಗೆ ಶಾಶ್ವತ ರೂಪವನ್ನು ಕೊಟ್ಟಿತು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಸರ್ಕಾರವು, ಸೈನ್ಯದ ತೋಟಾ ಕದ್ದವನಿಗೆ ಅದನ್ನು ಹಾರಿಸುವ ಬಂದೂಕು ಖಾಸಗಿಯಾಗಿ ಸಿಕ್ಕಬಾರದೆಂದು, .೩೦೩ ಮತ್ತು .೪೫೦ ಬೋರಿನ ರೈಫಲ್ಲುಗಳನ್ನು ಸಾಮಾನ್ಯ ಜನರಿಗೆ ನಿಷೇಧಿಸಿತು. ಆಗ ಇಂಗ್ಲೆಂಡಿನ ಬಂದೂಕುಗಾರರು ಸುಮ್ಮನಿರಲಿಲ್ಲ. ಆನೆ, ಕಾಟಿಗಳ ಬೇಟೆಗೆ .೪೫೦ರ ಬದಲು .೪೬೫, .೪೭೦ ಮೊದಲಾದ ತೋಟಾಗಳು ಬಳಕೆಗೆ ಬಂದವು. .೩೦೩ರ ಸ್ಥಾನವನ್ನು .೩೧೫ ತುಂಬಿತು. ಇದು ಆಸ್ಟ್ರಿಯಾ ದೇಶದ ಎಂಟು ಮಿಲಿಮೀಟರಿನ ಮಾನ್‌ಲಿಖರ್ ತೋಟಾವೇ ಸರಿ. ಭಾರತದ ಸೈನ್ಯದಲ್ಲಿ ಅದು ಇರಲಿಲ್ಲವಾದುದರಿಂದ ಕಾಯಿದೆಗೆ ಒಪ್ಪಿಗೆಯಾಯಿತು. ಸ್ವಾತಂತ್ರ್ಯಾನಂತರ ನಮ್ಮ ಆರ್ಡನೆನ್ಸ್ ಕಾರ್ಖಾನೆಯೂ ಸೈನ್ಯದ ಲೀ-ಎನ್‌ಫೀಲ್ಡ್ ಯಂತ್ರವನ್ನೇ ಅನುಸರಿಸಿ .೩೧೫ ಬೋರಿನ ಸ್ಪೋರ್ಟಿಂಗ್ ರೈಫಲ್ಲನ್ನು ತಯಾರಿಸಿತು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. .೩೦೩ರ ಯಂತ್ರಕ್ಕೆ .೩೧೫ ಅಷ್ಟು ಸುಲಭವಾಗಿ ಒಗ್ಗಿದುದೇಕೆ? ಎರಡು ತೋಟಾಗಳಿಗೂ ಬುಡದಲ್ಲಿ ಹೊರಚಾಚಿದ ಅಂಚು ಇದೆ. ಅಂಚಿನ ಅಗಲವೂ ಹೆಚ್ಚು ಕಡಿಮೆ ಸಮಾನ. ತೋಟಾದ ಬುಡವನ್ನು ಹಿಡಿಯುವ ಬೋಲ್ಟು ಎರಡಕ್ಕೂ ಒಂದೇ ಬಗೆಯಲ್ಲಿ ಒದಗಿತು. ಅಲ್ಲದೆ ಆ ಬೋಲ್ಟನ್ನು ಎಳೆದು ತಳ್ಳುವುದು ಮನುಷ್ಯನ ಕೈ. ಇಛಾಪುರದ ಕಾರ್ಖಾನೆಯಲ್ಲಿ ಇದಕ್ಕೂ ಮುಂದೆ ಹೋಗಿ, ಹಳೆಯ .೩೦೩ ರೈಫಲ್ಲುಗಳ ನಳಿಗೆಯನ್ನು ಒಳಗೆ ಕೊರೆದು ನುಣುಪುಮಾಡಿ, ಮ್ಯಾಗಜೀನಿನ ಜಾಗಕ್ಕೆ ಮರದ ತುಂಡನ್ನು ತುಂಬಿ, ಒಂದೊಂದೇ ತೋಟಾ ಹಾಕಿ ಹಾರಿಸುವ .೪೧೦ ಮಸ್ಕೆಟ್ಟುಗಳನ್ನಾಗಿ ಮಾಡಿ ಪೊಲೀಸರಿಗೂ ಕಾವಲುಗಾರರಿಗೂ ಕೊಟ್ಟರು. ೧೯೬೨ರ ಚೀನಾ ಯುದ್ಧವಾದ ಮೇಲೆ ಅದೇ ಮಾದರಿಯನ್ನು ೭.೬೨ ಮಿಲಿಮೀಟರಿನ ತೋಟಾಕ್ಕಾಗಿ ತಯಾರಿಸಬೇಕಾಗಿ ಬಂದಾಗ ಮಾತ್ರ, ಒತ್ತಡ ಹೆಚ್ಚಾದುದರಿಂದ, ಉತ್ತಮ ಉಕ್ಕನ್ನು ಉಪಯೋಗಿಸಿ ಹೊಸ ಬಂದೂಕುಗಳನ್ನೇ ಮಾಡಿದರು. ತೋಟಾವನ್ನು ಬದಲಾಯಿಸುವುದೆಂದರೆ ನಳಿಗೆಯನ್ನು ಮಾತ್ರ ಬದಲಾಯಿಸುವುದಲ್ಲವೆಂಬುದು ಇದರಿಂದಲೇ ತಿಳಿಯುತ್ತದೆ.

ಇನ್ನು ಯಂತ್ರದ ವಿಚಾರ. ತೋಟಾ ಎಂಬುದು ಹಿತ್ತಾಳೆಯ ಒಂದು ಕೋಶ. ಬುಡದಲ್ಲಿ ಕಿಡಿ ಹುಟ್ಟಿಸುವ ಕೇಪು, ಒಡಲಲ್ಲಿ ಮದ್ದು, ಬಾಯಲ್ಲಿ ಗುಂಡು. ನಳಿಗೆಯ ಹಿಂಭಾಗದಲ್ಲಿ ಈ ಕೋಶವು ಕೂರುವ ಗೂಡು ಇದೆ. ಮದ್ದು ಉರಿದಾಗ ಆ ಗೂಡಿನೊಳಗೆ ಚದರ ಅಂಗುಲಕ್ಕೆ ೫೦,೦೦೦ ಪೌಂಡುಗಳ ಆಚೀಚೆ ಒತ್ತಡ ಹುಟ್ಟುವುದು. ತೆಳುವಾದ ಹಿತ್ತಾಳೆ ಇದನ್ನು ತಾಳುವುದು ತನ್ನ ಬಲದಿಂದಲ್ಲ. ಸುತ್ತಲೂ ಗೂಡಿನ ಉಕ್ಕು, ಹಿಂದೆ ಬೋಲ್ಟಿನ ಮುಖ ಒತ್ತಿ ಹಿಡಿದಿರುವುದರಿಂದ. ಬೋಲ್ಟಿನ ಮುಖಕ್ಕೂ ಗೂಡಿನಲ್ಲಿ ಕೋಶವು ತಡೆದು ನಿಲ್ಲುವ ಸ್ಥಾನಕ್ಕೂ ನಡುವಣ ಅಳತೆ ಕರಾರುವಾಕ್ಕಾಗಿರಬೇಕು. ಇದನ್ನು ಪರೀಕ್ಷಿಸಲು ಬಂದೂಕುಗಾರನು ಎರಡು ಉಕ್ಕಿನ ಮಾಪಕಗಳನ್ನು ಇಟ್ಟುಕೊಂಡಿರುತ್ತಾನೆ. ಒಂದರ ಮೇಲೆ ಬೋಲ್ಟು ಮುಚ್ಚಲೇಬೇಕು, ಇನ್ನೊಂದರ ಮೇಲೆ ಮುಚ್ಚಲೇಬಾರದು. ಎರಡಕ್ಕೂ ಇರುವ ವ್ಯತ್ಯಾಸ ಅಂಗುಲವನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಕೆಲವೇ ಭಾಗ. ತೆರಪು ಇದಕ್ಕಿಂತ ಹೆಚ್ಚಾದರೆ ಕೋಶವು ಹಿಂದಕ್ಕೆ ಹಿಗ್ಗಿ ಬುಡದ ಬಳಿ ಹರಿಯುವುದು. ಉರಿಯುವ ಅನಿಲವು ಬಂದೂಕು ಹಿಡಿದವನ ಮುಖದ ಕಡೆಗೆ ನುಗ್ಗುವುದು. ಕಣ್ಣು ಕಳೆದುಕೊಳ್ಳಲು ಇಷ್ಟು ಸಾಕು.

ಕೈಯಿಂದ ಬೋಲ್ಟು ಎಳೆಯುವ ರೈಫಲ್ಲಿನಲ್ಲಿ ಗೂಡು, ಬೋಲ್ಟಿನ ಮುಖ, ಮ್ಯಾಗಜೀನಿನ ಉದ್ದ, ಇವು ಹೊಸ ತೋಟಾಕ್ಕೆ ಹೊಂದಿ, ಉಕ್ಕು ಒತ್ತಡವನ್ನು ತಾಳುವಂತಿದ್ದರೆ ಕೆಲಸ ಬಹುಮಟ್ಟಿಗೆ ಮುಗಿಯಿತು. ಅರೆಸ್ವಯಂಚಾಲಿತ ರೈಫಲ್ಲಿನ ಬಗೆಯೇ ಬೇರೆ. ಇದರಲ್ಲಿ ಗುಂಡು ನಳಿಗೆಯೊಳಗೆ ಸಾಗುವಾಗ ಸಣ್ಣ ರಂಧ್ರವೊಂದರಿಂದ ಸ್ವಲ್ಪ ಅನಿಲ ಹೊರಕ್ಕೆ ಹೋಗಿ ದಂಡವೊಂದನ್ನು ತಳ್ಳುವುದು. ಆ ದಂಡವು ಬೋಲ್ಟಿನ ಬೀಗವನ್ನು ತೆರೆದು ಖಾಲಿ ಕೋಶವನ್ನು ಎಸೆದು ಹೊಸ ತೋಟಾವನ್ನು ಒಳಗೆ ಕೂರಿಸುವುದು. ಕುದುರೆಯನ್ನು ಎಳೆದ ಪ್ರತಿಸಲಕ್ಕೂ ಒಂದು ಗುಂಡು ಮಾತ್ರ ಹಾರಿದರೂ, ಉಳಿದ ಕೆಲಸವೆಲ್ಲ ಅನಿಲದಿಂದಲೇ ಕ್ಷಣಮಾತ್ರದಲ್ಲಿ ನಡೆಯತಕ್ಕದ್ದು. ತೋಟಾ ಬದಲಾದರೆ ಮದ್ದಿನ ತೂಕ, ಅದು ಉರಿಯುವ ವೇಗ, ಗುಂಡಿನ ಭಾರ ಎಲ್ಲವೂ ಬದಲಾಗುತ್ತವೆ. ರಂಧ್ರದ ಬಳಿಯ ಒತ್ತಡವೂ ಬದಲಾಗುತ್ತದೆ. ಒತ್ತಡ ಕಡಿಮೆಯಾದರೆ ಬೋಲ್ಟು ಪೂರ್ತಿ ಹಿಂದೆ ಸರಿಯದೆ ತೋಟಾ ಸಿಕ್ಕಿಕೊಳ್ಳುವುದು. ಹೆಚ್ಚಾದರೆ ಗೂಡಿನಲ್ಲಿ ಒತ್ತಡ ಇಳಿಯುವ ಮೊದಲೇ ಬೀಗ ಬಿಚ್ಚಿ ಕೋಶದ ಅಂಚು ಹರಿಯುವುದು, ದಂಡ ಬಾಗುವುದು.

ಇದಕ್ಕೆ ಪ್ರಸಿದ್ಧ ನಿದರ್ಶನ ಅಮೆರಿಕದ ಗ್ಯಾರಂಡ್ ರೈಫಲ್ಲು. ಜಾನ್ ಗ್ಯಾರಂಡ್ ಎಂಬ ಶಿಲ್ಪಿ ಅದನ್ನು .೨೭೬ ತೋಟಾಕ್ಕಾಗಿ ರೂಪಿಸುತ್ತಿದ್ದನು. ೧೯೩೨ರಲ್ಲಿ ಸೇನಾಮುಖ್ಯಸ್ಥ ಮೆಕಾರ್ಥರನು, ಉಗ್ರಾಣಗಳಲ್ಲಿ ರಾಶಿಬಿದ್ದಿರುವ.೩೦ ತೋಟಾವನ್ನೇ ಬಳಸಬೇಕೆಂದು ತೀರ್ಮಾನಿಸಿದನು. ಹತ್ತು ತೋಟಾ ಹಿಡಿಯುತ್ತಿದ್ದ ಬಂದೂಕು ಎಂಟನ್ನು ಹಿಡಿಯುವಂತಾಯಿತು. ೧೯೩೬ರಲ್ಲಿ ಸೈನ್ಯವು ಅದನ್ನು ಅಂಗೀಕರಿಸಿತು. ಮುಂದೆ ೭.೬೨ ಮಿಲಿಮೀಟರಿನ ಕಿರಿಯ ತೋಟಾ ಬಂದಾಗ, ೧೯೬೦ರ ದಶಕದಲ್ಲಿ ಆ ದೇಶದ ನೌಕಾಪಡೆ ತನ್ನ ಗ್ಯಾರಂಡುಗಳನ್ನು ಅದಕ್ಕೆ ಹೊಂದಿಸಲು ಬಯಸಿತು. ಹಳೆಯ ಕೋಶ ೬೩ ಮಿಲಿಮೀಟರು ಉದ್ದ, ಹೊಸದು ೫೧. ಬುಡದ ಅಳತೆ ಒಂದೇ. ನಳಿಗೆಯನ್ನು ಬದಲಾಯಿಸದೆ ಗೂಡಿನೊಳಗೆ ಒಂದು ಉಕ್ಕಿನ ಬಳೆಯನ್ನು ಸೇರಿಸಿದರೆ ಸಾಕೆಂದು ಮೊದಲು ಎಣಿಸಿದರು. ಹಾರಿಸುವಾಗ ಆ ಬಳೆ ಸಡಿಲಿ ಖಾಲಿ ಕೋಶದೊಡನೆ ಹೊರಬೀಳತೊಡಗಿತು. ಬಳೆ ಬಿದ್ದುದನ್ನರಿಯದೆ ಮುಂದಿನ ತೋಟಾ ಹಾರಿದರೆ ಆಗುವ ಅನರ್ಥವನ್ನು ಹೇಳಬೇಕಾದುದಿಲ್ಲ. ಕೊನೆಗೆ ಹೊಸ ನಳಿಗೆಗಳನ್ನೇ ಕೂರಿಸಬೇಕಾಯಿತು. ಬೇಟೆಗೆಂದು ಭಾರದ ಗುಂಡು, ನಿಧಾನವಾಗಿ ಉರಿಯುವ ಮದ್ದು ಉಳ್ಳ ತೋಟಾಗಳನ್ನು ಈ ಬಂದೂಕಿನಲ್ಲಿ ಹಾರಿಸಿ ದಂಡ ಬಾಗಿಸಿಕೊಂಡವರೂ ಉಂಟು. ಹೆಸರಾದ ಶಸ್ತ್ರಾಗಾರಗಳುಳ್ಳ ದೇಶದಲ್ಲಿಯೇ ಹೀಗಾದ ಮೇಲೆ, ಲೇತು ಯಂತ್ರವೊಂದರ ಭರವಸೆಯ ಮೇಲೆ ಊರ ಕುಶಲಕರ್ಮಿ ಇದಕ್ಕೆ ಕೈಹಾಕುವುದು ಉಚಿತವೇ ಎಂಬುದನ್ನು ಶ್ರೋತೃಗಳೇ ಯೋಚಿಸಬಹುದು.

ಕಡೆಯದಾಗಿ ಕಾಯಿದೆ. ನಮ್ಮ ೧೯೫೯ರ ಆಯುಧ ಕಾಯಿದೆಯ ಮೇರೆಗೆ, ಲೈಸೆನ್ಸು ಇಲ್ಲದೆ ಬಂದೂಕನ್ನು ತಯಾರಿಸುವುದು ಹೇಗೋ ಹಾಗೆಯೇ ಮಾರ್ಪಡಿಸುವುದೂ ರಿಪೇರಿಯ ವೃತ್ತಿ ನಡೆಸುವುದೂ ಅಪರಾಧ. ಬಂದೂಕಿನ ಮೇಲಿನ ಸಂಖ್ಯೆ, ಗುರುತುಗಳನ್ನು ಅಳಿಸುವುದಾಗಲಿ ತಿದ್ದುವುದಾಗಲಿ ಶಿಕ್ಷಾರ್ಹ. ಲೈಸೆನ್ಸು ಕೊಡುವುದು ನಿರ್ದಿಷ್ಟವಾದ ಬೋರಿನ ಆಯುಧಕ್ಕೆ. ನಳಿಗೆ ಬದಲಾದರೆ ಕಾಗದದಲ್ಲಿರುವ ಬಂದೂಕು ಒಂದು, ಕೈಯಲ್ಲಿರುವುದು ಇನ್ನೊಂದು ಆಗುತ್ತದೆ. ಅರೆಸ್ವಯಂಚಾಲಿತ ರೈಫಲ್ಲಂತೂ ಸಾಮಾನ್ಯ ಪ್ರಜೆಗೆ ನಿಷಿದ್ಧವಾದ ವರ್ಗಕ್ಕೆ ಸೇರಿದ್ದು. ಬೋರು ಯಾವುದಾದರೂ ಆ ನಿಷೇಧ ತಪ್ಪದು. ಬೇಟೆಯ ವಿಷಯದಲ್ಲಿ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಇನ್ನೂ ಸ್ಪಷ್ಟ. ವಿನೋದದ ಬೇಟೆ ಮುಗಿದುಹೋದ ಕಥೆ. ಬೆಳೆಗೆ ಹಾನಿಮಾಡುವ ಹಂದಿಯನ್ನು ಕೊಲ್ಲಬೇಕಾದರೂ ಅಧಿಕಾರಿಯ ಲಿಖಿತ ಅನುಮತಿ ಬೇಕು.

ಹಾಗಾದರೆ ಮಿಶ್ರಿಕೋಟಿಯ ಕಡೆಯ ಒಕ್ಕಲಿಗನಿಗೆ ದಾರಿಯೇ ಇಲ್ಲವೆ ಎಂದು ಕೇಳಬಹುದು. ಆಯುಧ ಕಾಯಿದೆಯೇ ಬೆಳೆಯ ರಕ್ಷಣೆಯನ್ನು ಹೆಸರಿಸಿ, ಅದಕ್ಕಾಗಿ ಬಾಯಿಯಿಂದ ಮದ್ದು ತುಂಬುವ ಕೋವಿಗೆ ಲೈಸೆನ್ಸು ಪಡೆಯಲು ಅವಕಾಶವಿತ್ತಿದೆ. ಈ ಕೋವಿಯ ಗುಂಡು ಹೆಚ್ಚು ದೂರ ಹೋಗದು. ಹೊಲದ ಅಂಚಿನಿಂದ ಅಂಚಿಗೆ ಅದರ ಕೆಲಸ. ರೈಫಲ್ಲಿನ ಗುಂಡಾದರೋ ಗುರಿ ತಪ್ಪಿದರೆ ಮೈಲಿಗಟ್ಟಲೆ ಹಾರಿ ಯಾರ ಕಣದಲ್ಲಿ, ಯಾರ ಅಂಗಳದಲ್ಲಿ ಬೀಳುವುದೋ ಹೇಳಲಾಗದು. ಬಯಲುಸೀಮೆಯ ಸಮತಟ್ಟಾದ ನೆಲದಲ್ಲಿ, ಇರುಳಿನಲ್ಲಿ, ಹೊಲದ ಮಾಳಿಗೆಯಲ್ಲಿ ಕಾವಲು ಮಲಗಿದವರಿರುವಾಗ, ಇದು ಸಣ್ಣ ವಿಚಾರವಲ್ಲ.

ಹಿರಿಯರ ರೈಫಲ್ಲು ಮನೆಯಲ್ಲಿರುವವರು ಮಾಡತಕ್ಕದ್ದು ಇಷ್ಟು. ನಳಿಗೆಯ ಮೇಲೆ ಅಚ್ಚಾಗಿರುವ ಬೋರನ್ನೂ ಸಂಖ್ಯೆಯನ್ನೂ ಲೈಸೆನ್ಸಿನೊಡನೆ ಹೋಲಿಸಿ ನೋಡಬೇಕು. ಹೆಸರು ಹತ್ತಿರವಾಗಿದೆಯೆಂದೋ ಗೂಡಿನೊಳಗೆ ಹೋಯಿತೆಂದೋ ಬೇರೆ ತೋಟಾವನ್ನು ಎಂದಿಗೂ ಹಾಕಬಾರದು. ನಳಿಗೆ ಸವೆದಿದ್ದರೆ ಲೈಸೆನ್ಸು ಪಡೆದ ಬಂದೂಕುಗಾರನಿಗೆ ತೋರಿಸಬೇಕು. ಬದಲಾಯಿಸಬೇಕೆಂದು ಆತ ಹೇಳಿದರೆ, ಕೆಲಸಕ್ಕೆ ಮೊದಲೇ ಜಿಲ್ಲಾ ಅಧಿಕಾರಿಯ ಅನುಮತಿಯನ್ನು ಬರಹದಲ್ಲಿ ಪಡೆಯಬೇಕು. ತೋಟಾ ದೊರೆಯದ ಬಂದೂಕನ್ನು ಕ್ರಮವಾಗಿ ಒಪ್ಪಿಸಿಬಿಡುವುದರಲ್ಲಿಯೂ ಅಗೌರವವೇನೂ ಇಲ್ಲ. ತಂದೆಯ ನೆನಪಿಗೆಂದು ಇಟ್ಟುಕೊಂಡ ವಸ್ತುವು ಮಗನ ಕಣ್ಣಿಗೂ ನೆರೆಯವನ ಪ್ರಾಣಕ್ಕೂ ಎರವಾಗುವುದನ್ನು ಆ ತಂದೆಯಾದರೂ ಬಯಸಿರಲಾರನು.